ಅವ್ವನ ಒಲೆಯ ಮೇಲೆ ತತ್ತಿ

ಗೆಳೆಯರೇ, ನಮ್ಮ ನಾಯಿ ರಾಣಿಗೆ ಕ್ಯಾನ್ಸರ್. ಉಪ್ಪು, ಖಾರ, ಈರುಳ್ಳಿ ಹಾಕದೆ ತತ್ತಿ, ಕುಂಬಳಕಾಯಿ ಬೇಯಿಸಿ ಕೊಡಿ ಎಂದು ಡಾಕ್ಟರ್ ಹೇಳಿದ್ದರು.

"ನನ್ನ ಒಲಿ ಮ್ಯಾಲೆ ತತ್ತಿ ಇಡಬ್ಯಾಡ" ಎಂದು ಅವ್ವ ಹಟ ಹಿಡಿದಿದ್ದಳು. ಹಾಗಾಗಿ ಬರೀ ಕುಂಬಳಕಾಯಿ ಹಾಕುತ್ತಿದ್ದೆ. ನಿನ್ನೆಯಿಂದ ರಾಣಿ ಅದನ್ನು ಮೂಸಿಯೂ ನೋಡಿರಲಿಲ್ಲ.

ಇವತ್ತು ಹಾನಗಲ್ಲಿನ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನವೇ ಬಸ್ಸು ಹತ್ತಿ ಸವಣೂರಿನ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಬೇಯಿಸಿದ ತತ್ತಿಯನ್ನು ಚೂರು ಚೂರು ಮಾಡಿ ತಿನ್ನಿಸುತ್ತಿದ್ದಳು. ರಾಣಿ ಬಾಲ ಆಡಿಸುತ್ತಾ ತಿನ್ನುತ್ತಿತ್ತು.

"ಇದೇನವ್ವಾ?"

"ಉಪಾಸ ಸಾಯ್ಲಿ ಅಂತ ಬಿಡಾಕ ಆಕ್ಕೇತೇನು? ಓಣ್ಯಾಗ ಯಾರ ಮುಂದೂ ಹೇಳಬ್ಯಾಡ ಮತ್ತ!"

ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಫೇಸ್‌ಬುಕ್ಕಿನ ಬಗ್ಗೆ ಅವ್ವ ಏನೂ ಅಂದಿಲ್ಲ.