ಅಟ್ಟದ ಮೇಲೆ ಅಲ್ಲಾಡಿದ ಕಾಯಿ

ನಂಬಬೇಡಿ ಕಣ್ರೀ. ನೀವು ನಂಬದೇ ಇದ್ರೆ ನಂಗೇ ವಾಸಿ. ಜಾವಗಲ್ ಸುತ್ತ ನನ್ನ ಕೈಲಿ ಮಂಗ ಆಗದೋರು ಯಾರೂ ಇಲ್ಲ. ದೆವ್ವ ಐತೆ ಅಂತ ಊರಿಗೇ ನಂಬಿಸಿ, ನಾನು ಮಾತ್ರ ಒಂದು ದಿನಾನೂ ನಂಬದೆ ನಿದ್ದೆ ಹೊಡೆದೋನು. ಆದ್ರೆ ಇದೊಂದು ನನ್ನ ಕೈಚಳಕ ಅಲ್ಲ.

ಆರೇಳು ವರ್ಷ ಆಯ್ತು. ನನ್ನ ಗೆಳೆಯ ಶಿವಲಿಂಗಪ್ಪ ಕೊಬ್ಬರಿ ವ್ಯಾಪಾರಿ. ಅರಸೀಕೆರೆ ರಸ್ತೇಲಿದ್ದ ಅವನ ಕೊಬ್ಬರಿ ಶೆಡ್ಡಲ್ಲೇ ಒಬ್ಬರು ಕೂರೋಂಥ ವಿಮಾನ ಕಟ್ಟಿದ. ಹಳೇ ಕಾರಿನ ರೋಟರಿ ಎಂಜಿನ್ನು. ಪಿಸ್ಟನ್ ಇಲ್ಲ, ಮೂರು ಮೂಲೆ ರೋಟರ್ ಎರಡು ಒಳಗೇ ತಿರುಗ್ತವೆ. ಜೋರಾಗಿ ಓಡಿಸಿದ್ರೆ ಬೆಣ್ಣೆ. ನಿಧಾನಕ್ಕೆ ಬಿಟ್ರೆ ಚಳಿಜ್ವರ ಬಂದಂಗೆ ನಡುಗೋದು. ನಲವತ್ತು ವರ್ಷ ಲೇತ್ ತಿರುಗಿಸಿದೋನು ನಾನು. ಆ ನಡುಕ ನಿಲ್ಸೋ ಕೆಲಸ ನನ್ನ ಮೇಲೆ ಬಿತ್ತು.

ನಡುಕ ಅಳೆಯೋಕೆ ನಮಗೆ ಮೀಟರ್ ಯಾಕೆ? ತಲೆ ಮೇಲೆ ಕೊಬ್ಬರಿಗೆ ಅಂತ ತೆಂಗಿನಕಾಯಿ ಒಣಗಿಸೋ ಅಟ್ಟ ಇತ್ತು. ವರ್ಷ ಒಣಗಿದ ಕಾಯಲ್ಲಿ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟಿರ್ತದೆ. ಕಿವಿ ಹತ್ರ ಅಲ್ಲಾಡಿಸಿದ್ರೆ ಗುಡುಗುಡು ಅಂತದೆ. ಎಂಜಿನ್ ನಡುಗಿದ್ರೆ ಅಟ್ಟಕ್ಕೆ ಅಟ್ಟವೇ ಗುಡುಗುಡು. ಅಟ್ಟ ಸುಮ್ಮನಾದ್ರೆ ಎಂಜಿನ್ ಸರಿಹೋದಂಗೆ. ಎಂಜಿನ್ ಕೆಳಗೆ ಮೆತ್ತನೆ ರಬ್ಬರ್ ಕೂರಿಸಿದೆ, ಎರಡೂ ರೋಟರಿಗೆ ಪೆಟ್ರೋಲ್ ಸಮ ಹೋಗೋಂಗೆ ಕಾರ್ಬುರೇಟರ್ ತಿದ್ದಿದೆ. ಮೂರು ತಿಂಗಳು ಹಿಡೀತು. ಒಂದು ಮಧ್ಯಾಹ್ನ ಅಟ್ಟ ಗಪ್‌ಚಿಪ್.

"ನಾಳೆ ಬೆಳಿಗ್ಗೆ ಹಾರ್ತೀನಿ ಕಣ್ಲಾ" ಅಂತ ಶಿವಲಿಂಗಪ್ಪ ಸೀಟಲ್ಲಿ ಕೂತೇ ಎಂಜಿನ್ ಆಫ್ ಮಾಡ್ದ.

ಆಗ ಶುರುವಾಯ್ತು ಗುಡುಗುಡು. ಎಂಜಿನ್ ನಿಂತೈತೆ, ಗಾಳಿ ಇಲ್ಲ. ಅಟ್ಟದ ಒಂದೇ ಮೂಲೆ, ಅವನ ನೆತ್ತಿ ಮೇಲೇ. ಮೂರು ತಿಂಗಳು ಕೇಳಿದ್ದ ಅದೇ ನಡುಕ.

ಅವನು ತಲೆಯೆತ್ತಿ ನಕ್ಕ. "ಏನ್ಲಾ, ದಾರ ಎಲ್ಲಿ ಕಟ್ಟಿದ್ದೀಯಾ? ನನ್ನ ಮದುವೇಲೂ ಹಿಂಗೇ ಚೊಂಬು ಕುಣಿಸಿದ್ದೆ."

"ನಮ್ಮವ್ವನಾಣೆ ನಾನಲ್ಲ ಕಣೋ. ನಾಳೆ ಹಾರಬೇಡ."

"ನಿನ್ನ ಆಣೆಗೆ ನಿಮ್ಮವ್ವ ಎಷ್ಟು ಸಲ ಸತ್ತವಳೋ" ಅಂದು ಮನೆಗೆ ಹೋದ.

ಬೆಳಿಗ್ಗೆ ಒಣಗಿದ ಕೆರೆ ಅಂಗಳದಿಂದ ಮೇಲೆದ್ದ. ಎರಡು ಸುತ್ತು ಚೆನ್ನಾಗೇ ಹಾರಿದ. ಇಳಿಸೋಕೆ ಅಂತ ಎಂಜಿನ್ ನಿಧಾನ ಮಾಡ್ದ. ಕೆಳಗೆ ನಿಂತಿದ್ದ ನಂಗೆ ಗುಡುಗುಡು ಕೇಳಿಸ್ತು. ಆಮೇಲೆ ಎಂಜಿನ್ನೇ ಕೇಳಿಸಲಿಲ್ಲ. ವಿಮಾನ ಕೆರೆ ಏರಿಯ ಕಲ್ಲಿಗೆ ಬಡೀತು. ನಾನು ಓಡಿಹೋಗೋಷ್ಟರಲ್ಲಿ ಅವನಲ್ಲಿ ಉಸಿರಿರಲಿಲ್ಲ.

ಮಣ್ಣು ಮಾಡಿ ಬಂದು ಅಟ್ಟ ಹತ್ತಿದೆ. ದಾರ ಹುಡುಕಿದೆ, ಇಲಿ ಹುಡುಕಿದೆ. ಆ ಮೂಲೇಲಿದ್ದ ಒಂದೊಂದು ಕಾಯೂ ಕಿವಿ ಹತ್ರ ಅಲ್ಲಾಡಿಸಿದೆ. ಎಲ್ಲಾ ಹಿಂದಿನ ವಾರ ಏರಿಸಿದ ಹೊಸ ಕಾಯಿ, ಒಳಗೆ ನೀರು ತುಂಬಿತ್ತು. ಒಂದೂ ಗುಡುಗುಡು ಅನ್ನಲಿಲ್ಲ. ಅವತ್ತು ಅಲ್ಲಾಡಿದ್ದು ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಇಷ್ಟರಲ್ಲಿ ಒಂದೇ ಒಂದು ನಾನು ಕಟ್ಟಿದ್ದು. ಅವ್ವನ ಮೇಲೆ ಆಣೆ ಇಟ್ಟು ಹಾರಬೇಡ ಅಂದೆ ಅಂದ್ನಲ್ಲ, ಅದು ಸುಳ್ಳು. ಅವನು ದಾರ ಎಲ್ಲಿ ಅಂದಾಗ, ಹೆದರಿದ್ರೂ ನಂದೇ ಕೈಚಳಕ ಅನ್ನೋಂಗೆ ಮೀಸೆ ತಿರುವಿ, "ಹುಡುಕ್ಕೋ ಹೋಗ್ಲಾ" ಅಂದುಬಿಟ್ಟೆ.