ಹೆಜಮಾಡಿಯ ಸೊನ್ನೆ ಕಿಲೋ ಮಕ್ಕಳು

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಅದರ ಬಾಯಲ್ಲಿ ಸುಳ್ಳು ಹೇಳಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರ ಕೈಕೆಳಗೆ ಕೆಲಸವನ್ನೂ ಮಾಡಿದ್ದೇನೆ.

ಎಂಬತ್ತರ ದಶಕದ ಆರಂಭದ ಮಾತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮಕ್ಕಳ ಆರೋಗ್ಯದ ಸರ್ವೆ ಮಾಡುತ್ತಿದ್ದ ಉಡುಪಿಯ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ನನ್ನ ಊರು ಕಾಪು, ನಮ್ಮದು ಮೀನುಗಾರರ ಮನೆ. ಕಚೇರಿಯ ಮುಖ್ಯಸ್ಥರು ಒಬ್ಬ ಡಾಕ್ಟರರು, ಮೈಸೂರು ಕಡೆಯವರು. ಬಹಳ ಓದಿದವರು, ಮಾತು ಮೃದು. ಊರೂರಿಗೆ ಹೋಗಿ ಮಕ್ಕಳನ್ನು ತೂಗಿ, ಆ ಅಂಕಿಗಳನ್ನು ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಪಂಚ್ ಮಾಡಿಸಿ, ಡಬ್ಬದಲ್ಲಿ ತುಂಬಿಕೊಂಡು ಮಣಿಪಾಲಕ್ಕೆ ಒಯ್ಯುವುದು ನಮ್ಮ ಕೆಲಸ. ಅಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗಬೇಕು. ಕಿಟಕಿಯಲ್ಲಿ ಕಾರ್ಡು ಕೊಟ್ಟು ಬಂದರೆ ಮರುದಿನ ಉದ್ದನೆಯ ಕಾಗದದಲ್ಲಿ ಫಲಿತಾಂಶ ಸಿಗುತ್ತಿತ್ತು.

ಹೆಜಮಾಡಿಗೆ ತೂಕ ಮಾಡಲು ಹೋದ ತಂಡದಲ್ಲಿ ನಾನೂ ಇದ್ದೆ. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ. ಅವಳ ಕೂಸು ಎತ್ತಿಕೊಂಡರೆ ಸೊಂಟ ಹಿಡಿದುಕೊಳ್ಳುವಷ್ಟು ಗುಂಡಗಿತ್ತು. ಕೊಕ್ಕೆಗೆ ನೇತುಹಾಕಿದ ತಕ್ಕಡಿಯನ್ನೂ ಅದರ ಬಟ್ಟೆಯ ತೊಟ್ಟಿಲನ್ನೂ ಕಂಡದ್ದೇ ಅಕ್ಕ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ತೂಕ ಮಾಡುವುದು ಮಾರುವ ಮೀನನ್ನು ಮಾರಾಯ್ತಿ, ಮಗುವನ್ನು ಅಲ್ಲ," ಎಂದು ತುಳುವಿನಲ್ಲಿ ಹೇಳಿ ಒಳಗೆ ಹೋದಳು.

ತೂಗಿದರೆ ದೃಷ್ಟಿ ತಾಗುತ್ತದೆ ಎಂಬುದು ಅಲ್ಲಿಯ ಹೆಂಗಸರ ನಂಬಿಕೆ. ನಾನು ನಂಬುತ್ತೇನೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಬಡಕಲು ಮಕ್ಕಳ ತಾಯಂದಿರು ಮಾತ್ರ ತಾವಾಗಿ ಮುಂದೆ ಬಂದರು, ಡಾಕ್ಟರರು ಟಾನಿಕ್ಕಾದರೂ ಬರೆದುಕೊಟ್ಟಾರು ಎಂಬ ಆಸೆಯಿಂದ. ದುಂಡಗಿನ ಮಕ್ಕಳೆಲ್ಲ ಸೆರಗಿನ ಅಡಿಯಲ್ಲಿ, ಬಾಗಿಲ ಹಿಂದೆ ಉಳಿದವು. ಅವುಗಳ ಕಾರ್ಡಿನಲ್ಲಿ ಹೆಸರು, ಪ್ರಾಯ, ಊರು ಬಂತು. ತೂಕದ ಜಾಗ ಖಾಲಿ ಉಳಿಯಿತು.

ಈಗ ಆ ಯಂತ್ರದ ಬುದ್ಧಿ ಕೇಳಿ. ನಾವು ಬಳಸುತ್ತಿದ್ದ, ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮು ಖಾಲಿ ಜಾಗ ಕಂಡರೆ ಅದನ್ನು ಸೊನ್ನೆ ಎಂದು ಓದಿಕೊಳ್ಳುತ್ತಿತ್ತು. ತೂಕ ಗೊತ್ತಿಲ್ಲ ಎಂಬುದೂ ತೂಕವೇ ಇಲ್ಲ ಎಂಬುದೂ ಅದಕ್ಕೆ ಒಂದೇ.

ಮೊದಲು ಉಡುಪಿ ಪೇಟೆಯ ಕಾರ್ಡುಗಳು ಹೋದವು. ರಜೆಯ ದಿನಗಳಾದ್ದರಿಂದ ಅಲ್ಲಿಯ ಕೆಲವು ಮಕ್ಕಳು ಅಜ್ಜಿಮನೆಗೆ ಹೋಗಿದ್ದವು, ಅವುಗಳ ತೂಕವೂ ಖಾಲಿ. ಸರಾಸರಿ ತೀರಾ ಕೆಳಗೆ ಬಂತು. ಡಾಕ್ಟರರು ಕಾಗದ ನೋಡಿದವರೇ ಕನ್ನಡಕ ತೆಗೆದರು.

"ಹೀಗಿರೋಕೆ ಸಾಧ್ಯಾನೇ ಇಲ್ಲ. ಎಲ್ಲೋ ತಪ್ಪಾಗಿದೆ, ಹುಡುಕಿ," ಎಂದರು.

ಹುಡುಕಿದೆ, ಖಾಲಿ ಕಾರ್ಡುಗಳು ಸಿಕ್ಕವು. ಅವನ್ನು ಕಟ್ಟಿನಿಂದ ಕೈಯಲ್ಲೇ ಹೆಕ್ಕಿ ತೆಗೆದು ಮತ್ತೆ ಮಣಿಪಾಲಕ್ಕೆ ಕೊಟ್ಟೆವು. ಸರಾಸರಿ ಸರಿಹೋಯಿತು. ಡಾಕ್ಟರರು ಎಲ್ಲರಿಗೂ ಚಹಾ ತರಿಸಿದರು.

ಆಮೇಲೆ ಕಡಲ ದಡದ ಊರುಗಳಾದ ಹೂಡೆ ಮತ್ತು ಹೆಜಮಾಡಿಯ ಸರದಿ. ಅಂಕಿ ಇನ್ನೂ ಕೆಳಗೆ ಬಂತು, ಹೆಜಮಾಡಿಯದಂತೂ ಪಾತಾಳಕ್ಕೇ ಇಳಿಯಿತು. ಮೊನ್ನೆಯ ತಪ್ಪೇ ಇಲ್ಲಿಯೂ ಆಗಿದೆ ಸಾರ್, ಖಾಲಿ ಕಾರ್ಡು ತೆಗೆಯುತ್ತೇನೆ ಎಂದೆ. ಅವರು ತಲೆ ಎತ್ತಲೂ ಇಲ್ಲ.

"ಇದರಲ್ಲಿ ಆಶ್ಚರ್ಯ ಏನಿದೆ? ತಾಯಂದಿರು ಬೆಳಗಾದ್ರೆ ಬುಟ್ಟಿ ಹೊತ್ಕೊಂಡು ಹೊರಡ್ತಾರೆ. ಮಕ್ಕಳನ್ನ ನೋಡೋರು ಯಾರು?"

ನನ್ನ ಮೈ ಉರಿದುಹೋಯಿತು. ನನ್ನ ಅಮ್ಮ ಬುಟ್ಟಿ ಹೊತ್ತು ಹಿರಿಯಡ್ಕದವರೆಗೆ ಹೋಗಿ ಮೀನು ಮಾರಿದವಳು. ಆ ಬುಟ್ಟಿಯಿಂದಲೇ ನಾನು ಓದಿದ್ದು, ಈ ಕುರ್ಚಿಯಲ್ಲಿ ಕೂತದ್ದು. ಪೇಟೆಯ ಮಕ್ಕಳು ಬಡಕಲು ಎಂದರೆ ಯಂತ್ರದ ತಪ್ಪು, ಕಡಲ ಕರೆಯ ಮಕ್ಕಳು ಬಡಕಲು ಎಂದರೆ ತಾಯಿಯ ತಪ್ಪು! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಕತೆ ಕೇಳಿದ್ದೆ. ಇಲ್ಲಿ ಯಾರ ಮನೆಯ ಎತ್ತು ಎಂದು ಕೇಳಿಕೊಂಡು ಕಟ್ಟುತ್ತಿದ್ದರು.

ಕಾಗದದ ಕೆಳಗೆ ಅತಿ ಕಡಿಮೆ ತೂಕ ಎಷ್ಟು ಎಂಬುದೂ ಮುದ್ರಣವಾಗಿತ್ತು. ಅದರ ಮೇಲೆ ಬೆರಳಿಟ್ಟು ಕೇಳಿದೆ.

"ಸೊನ್ನೆ ಕಿಲೋದ ಮಗು ಎಲ್ಲಿ ಉಂಟು ಸಾರ್? ಒಂದನ್ನು ತೋರಿಸಿ."

ಅವರು ನಕ್ಕುಬಿಟ್ಟರು. ಅಂಥದ್ದು ಒಂದೆರಡು ಸೇರಿರಬಹುದು, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂದು ಸಮಾಧಾನ ಹೇಳಿದರು. ವರದಿಯಲ್ಲಿ ಕಾರಣ ವಿವರಿಸುವ ಪುಟ ಆಗಲೇ ಟೈಪ್ ಆಗಿತ್ತು. ತಾಯಂದಿರ ಅಜ್ಞಾನ ಮತ್ತು ಅಲಕ್ಷ್ಯ ಎಂದು ಅದರಲ್ಲಿತ್ತು.

ನಾನು ಅವರನ್ನು ಕೇಳದೆಯೇ ಒಂದು ಹೊಸ ಕಾರ್ಡು ಪಂಚ್ ಮಾಡಿಸಿದೆ. ತೂಕ ಸೊನ್ನೆ ಇದ್ದರೆ ಆ ಮಗುವನ್ನು ಬಿಟ್ಟು ಮುಂದಕ್ಕೆ ಹೋಗು ಎಂಬ ಒಂದೇ ಸಾಲು. ಅದನ್ನು ಪ್ರೋಗ್ರಾಮಿನ ಕಾರ್ಡುಗಳ ಮಧ್ಯೆ ಸೇರಿಸಿ ಮಣಿಪಾಲದಲ್ಲಿ ಕೊಟ್ಟು ಬಂದೆ. ಮರುದಿನ ಹೆಜಮಾಡಿಯ ಅಂಕಿ ಮೇಲೆ ಬಂದಿತ್ತು, ಆದರೂ ಪೇಟೆಗಿಂತ ಕೆಳಗೇ ನಿಂತಿತ್ತು. ನಿಲ್ಲದೆ ಏನು? ದುಂಡಗಿನವು ಲೆಕ್ಕಕ್ಕೇ ಬಾರದೆ, ತೂಗಿಸಿಕೊಂಡ ಬಡಕಲು ಮಕ್ಕಳು ಮಾತ್ರ ಅಲ್ಲಿ ಉಳಿದಿದ್ದವು. ಇದನ್ನು ಬಿಡಿಸಿ ಹೇಳಿದೆ. ಅಕ್ಕನ ಮಗುವಿನ ವಿಷಯವನ್ನೂ ಹೇಳಿದೆ. ಒಂದು ಮನೆಯ ಮಗು ಸ್ಟ್ಯಾಟಿಸ್ಟಿಕ್ಸ್ ಆಗುವುದಿಲ್ಲ, ಇದನ್ನು ನಾನು ನಿಮಗೆ ಕಲಿಸಬೇಕೇ ಎಂದು ಅವರು ಮೃದುವಾಗಿಯೇ ಕೇಳಿದರು.

ಅಷ್ಟಕ್ಕೆ ಮುಗಿಯಲಿಲ್ಲ. ಹೆಜಮಾಡಿಯ ಶಾಲೆಯಲ್ಲಿ ತಾಯಂದಿರ ಸಭೆ ಇಟ್ಟರು. ಡಾಕ್ಟರರು ಕನ್ನಡದಲ್ಲಿ ಹೇಳಿದ್ದನ್ನು ನಾನು ತುಳುವಿಗೆ ತಿರುಗಿಸಬೇಕು. ನಿಮ್ಮ ಮಕ್ಕಳನ್ನು ನೀವು ಸರಿಯಾಗಿ ಸಾಕುತ್ತಿಲ್ಲ ಎಂದು ನನ್ನ ಬಾಯಿಂದಲೇ, ನನ್ನ ಭಾಷೆಯಲ್ಲೇ, ನನ್ನ ಅಕ್ಕನಿಗೆ ಹೇಳಬೇಕು.

ಸಭೆಗೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡೇ ಬಂದಿದ್ದರು. ಅಕ್ಕ ಮುಂದಿನ ಬೆಂಚಿನಲ್ಲಿದ್ದಳು, ಮಗುವಿನ ಕೆನ್ನೆಗೆ ದೊಡ್ಡದೊಂದು ಕಪ್ಪು ಬೊಟ್ಟು. ನೀರು ಕಾಯಿಸಿ ಕುಡಿಸಿ, ಸೊಪ್ಪು ತಿನ್ನಿಸಿ ಎಂಬುದನ್ನೆಲ್ಲ ತಿರುಗಿಸಿದೆ. ಅಲಕ್ಷ್ಯದ ಮಾತು ಬಂದಾಗ ಅಕ್ಕನ ಕಡೆ ತಿರುಗಿದೆ. ಡಾಕ್ಟರರು ಹೇಳಿ ಎನ್ನುವಂತೆ ನೋಡಿದರು. ನಾನು ತುಳುವಿನಲ್ಲಿ ಬೇರೆಯದನ್ನೇ ಹೇಳಿದೆ. ತೂಕ ಮಾಡಿಸದ ಮಕ್ಕಳನ್ನು ಮಣಿಪಾಲದ ಯಂತ್ರ ಸೊನ್ನೆ ಎಂದು ಬರೆದುಕೊಂಡಿದೆ, ಅದನ್ನು ನಂಬಿ ಇವರು ನೀವು ಮಕ್ಕಳನ್ನು ಉಪವಾಸ ಕೆಡವುತ್ತೀರಿ ಎನ್ನುತ್ತಿದ್ದಾರೆ ಎಂದೆ.

ಗುಜುಗುಜು ಎದ್ದಿತು. ಅಕ್ಕ ಎದ್ದು ನೇರವಾಗಿ, ನಾವು ತಂದು ಮೂಲೆಯಲ್ಲಿ ನೇತುಹಾಕಿದ್ದ ತಕ್ಕಡಿಯ ಹತ್ತಿರ ಹೋದಳು. ಮಗುವನ್ನು ಅದರಲ್ಲಿ ಮಲಗಿಸಿ, ಮುಳ್ಳನ್ನು ನೋಡದೆ, ಡಾಕ್ಟರರ ಮುಖವನ್ನೇ ನೋಡುತ್ತ ನಿಂತಳು. ಅವಳ ಹಿಂದೆ ಒಬ್ಬಳು ಬಂದಳು, ಆಮೇಲೆ ಇನ್ನೊಬ್ಬಳು. ಮಧ್ಯಾಹ್ನದೊಳಗೆ ಸೆರಗಿನ ಅಡಿಯ ಮಕ್ಕಳೆಲ್ಲ ತೂಗಿಸಿಕೊಂಡವು. ಯಾರೂ ನಗಲಿಲ್ಲ. ದೃಷ್ಟಿಯ ಹೆದರಿಕೆ ಯಾರಿಗೂ ಹೋಗಿರಲಿಲ್ಲ, ಅದಕ್ಕಿಂತ ಅವಮಾನ ದೊಡ್ಡದಾಗಿತ್ತು ಅಷ್ಟೆ.

ಹೊಸ ಕಾರ್ಡುಗಳನ್ನು ನಾನೇ ಮಣಿಪಾಲಕ್ಕೆ ಒಯ್ದೆ. ಹೆಜಮಾಡಿಯ ಸರಾಸರಿ ಪೇಟೆಯ ಸರಾಸರಿಗೆ ಹೆಗಲೆಣೆಯಾಗಿ ನಿಂತಿತು. ಕಾಗದವನ್ನು ಡಾಕ್ಟರರ ಮೇಜಿನ ಮೇಲಿಟ್ಟೆ. ಅವರು ನೋಡಿ, ಬಹಳ ಸಂತೋಷ ಎಂದರು. ನಿಜವಾಗಿಯೂ ಸಂತೋಷಪಟ್ಟರು.

ಆ ಸಂತೋಷದ ಕಾರಣ ವರದಿಯ ಕರಡು ಕೈಗೆ ಬಂದ ಮೇಲೆ ತಿಳಿಯಿತು. ಹಳೆಯ ಅಂಕಿ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಹೊಸದು. ನಾವು ಕೊಟ್ಟ ಆರೋಗ್ಯ ಶಿಕ್ಷಣದಿಂದ ಹೆಜಮಾಡಿಯ ಮಕ್ಕಳ ತೂಕ ಗಮನಾರ್ಹವಾಗಿ ಏರಿದೆ ಎಂದು ಬರೆದಿದ್ದರು. ಭಾಷಣ ಮುಗಿಯುವ ಮೊದಲೇ ತೂಗಿದ ಮಕ್ಕಳು! ಆ ಪುಟ ತಿದ್ದಿ ಎಂದು ಜಗಳವಾಡಿದೆ, ತಿದ್ದಲಿಲ್ಲ. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದೆ. ಅದನ್ನು ಮಾತ್ರ ಕೂಡಲೇ ತೆಗೆದರು.

ಆ ಭಾನುವಾರ ಹೆಜಮಾಡಿಗೆ ಹೋದೆ. ಅಕ್ಕ ಉಪ್ಪು ಮೆಣಸು ಹಿಡಿದು ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಳು. ಸಭೆಯ ದಿನದಿಂದ ಪ್ರತಿ ಸಂಜೆ ತೆಗೆಯುತ್ತಿದ್ದಾಳೆಂದು ಅವಳ ಅತ್ತೆ ಹೇಳಿದರು. ಎಂತ ಬರೆದರು ಎಂದು ಅಕ್ಕ ಕೇಳಿದಳು. ಮುಚ್ಚಿಡದೆ ಹೇಳಿದೆ. ಅವಳು ಮೆಣಸನ್ನು ಒಲೆಗೆ ಹಾಕಿ, ಮಗುವನ್ನು ಎತ್ತಿಕೊಂಡಳು.

"ಹೆತ್ತದ್ದು ನಾನು, ಹಾಲು ಕೊಟ್ಟದ್ದು ನಾನು," ಎಂದಳು. "ದಪ್ಪ ಮಾಡಿದ್ದು ಅವರಾ?"