ಸುಣ್ಣದ ಗೆರೆಯ ಸಂಸಾರ

ಕೂಕಟ್‌ಪಲ್ಲಿಯ ವಾಸುದೇವರಾಯರ ಕಥೆ ಯಾಕೆ ಹೇಳಬೇಕೆಂದರೆ, ಕಟ್ಟಿಸುವ ಮೊದಲೇ ಮನೆಯಲ್ಲಿ ಸಂಸಾರ ಮಾಡಿ ನೋಡಿದವರು ಅವರು. ಬೇರೆ ಯಾರೂ ಹಾಗೆ ಮಾಡಿದ್ದು ಕೇಳಿಲ್ಲ.

ರಾಯರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ತಾಯಿ, ಹೆಂಡತಿ, ಮಗಳೊಂದಿಗೆ ನಾಂಪಲ್ಲಿಯಲ್ಲಿ ಬಾಡಿಗೆ ಮನೆ. ಕೂಕಟ್‌ಪಲ್ಲಿಯೆಂದರೆ ಇನ್ನೂ ಬಂಡೆ, ಹೊಲ ಎಂದಿದ್ದ ಕಾಲಕ್ಕೆ ಅಲ್ಲೊಂದು ಸಣ್ಣ ಪ್ಲಾಟ್ ಹಿಡಿದಿದ್ದರು. ಕಟ್ಟಲು ಅಡ್ಡಿ ಒಂದೇ, ತಾಯಿ ಅಂಬುಬಾಯಿಯ ಮಡಿ. ಬೆಳಗ್ಗೆ ಮಿಂದು ಅಡಿಗೆಮನೆ ಸೇರುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ.

"ಅಷ್ಟು ಸಣ್ಣ ಮನ್ಯಾಗ ನೀವು ಮೂರು ಮಂದಿ ನನ್ನ ಮುಟ್ಟದ ಬಿಡತೀರೇನು? ನಾ ಬರಂಗಿಲ್ಲ. ರಾಯಚೂರಿಗೆ ತಂಗಿ ಮನಿಗೆ ಹೋಗತೀನಿ," ಎಂದುಬಿಟ್ಟರು.

ತಾಯಿ ಬಾರದ ಮನೆ ರಾಯರಿಗೆ ಬೇಡ. ಕೂತು ನಕ್ಷೆ ಬರೆದರು. ಹಿಂದೆ ಬಚ್ಚಲು, ಅಲ್ಲಿಂದ ಗೋಡೆಗುಂಟ ಅಡಿಗೆಮನೆಯವರೆಗೆ ಮಾಡು ಇಳಿಸಿದ ವರಾಂಡ. ಅಂಬುಬಾಯಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ನಾ ಎಲ್ಲಿ ಅಡ್ಡಾಡಲೋ ವಾಸ್ಯಾ?"

ಮುಂದಿನ ರವಿವಾರ ರಾಯರು ಒಂದು ಬುಟ್ಟಿ ಸುಣ್ಣದ ಪುಡಿ ಹಿಡಿದು ಎಲ್ಲರನ್ನೂ ಬಸ್ಸು ಹತ್ತಿಸಿದರು. ಪ್ಲಾಟಿನ ನೆಲದ ಮೇಲೆ ಗೋಡೆ, ಬಾಗಿಲು, ವರಾಂಡ ಎಲ್ಲಕ್ಕೂ ಗೆರೆ ಎಳೆದರು.

"ಅವ್ವಾ, ಸ್ನಾನ ಆಗೇದ ಅನಕೋ. ಅಡಗಿ ಮನಿಗೆ ನಡಿ. ನಾವು ದಿನದಂಗ ಇರತೀವಿ."

ಅಂಬುಬಾಯಿ ಸೆರಗು ಮುದುರಿಕೊಂಡು ಹೊರಟರು. ಮೊಮ್ಮಗಳು ಪ್ರೇಮಾ ಬಾಚಣಿಗೆ ಹುಡುಕುವವಳಂತೆ ಎದುರಿಗೆ ಬಂದಳು. ಢಿಕ್ಕಿ.

"ಮುಟ್ಟಿದ್ಲು! ಹೋತು ಮಡಿ!"

ರಾಯರು ವರಾಂಡ ಅಗಲ ಮಾಡಿದರು. ಮಲಗುವ ಕೋಣೆ ಸಣ್ಣದಾಯಿತು. ಎರಡನೆಯ ಸಲ ಹೆಂಡತಿ ಸುಭದ್ರಾಳ ಮೊಣಕೈ ತಾಗಿತು. ಮತ್ತೆ ಅಗಲ. ಹಾಲ್ ಕುಗ್ಗಿತು.

"ಮಡಿ ಸೀರಿ ಒಣಗಹಾಕಿದ್ರ ಕಾಗಿ ಮುಟ್ಟತಾವ," ಎಂದರು ಅಂಬುಬಾಯಿ. ಸೀರೆ ಒಣಗಿಸಲು ಇನ್ನೊಂದು ಬದಿಗೂ ಮಾಡಿನ ವರಾಂಡ ಬಂತು.

ಸುಭದ್ರಾ ಸೊಂಟದ ಮೇಲೆ ಕೈಯಿಟ್ಟಳು. "ಏನ್ರಿ, ಮನಿ ಎಲ್ಲಿ ಹೋತು? ಮಲಕೊಳ್ಳೋದೆಲ್ಲಿ?"

"ವರಾಂಡದಾಗ."

"ಉಣ್ಣೋದು?"

"ವರಾಂಡದಾಗ."

"ಹಂಗಾರ ಒಳಗ ಇರೋರು ಯಾರು?"

"ಟ್ರಂಕು," ಎಂದರು ರಾಯರು.

ಅಷ್ಟಾದರೂ ಅಂಬುಬಾಯಿ ಒಪ್ಪಲಿಲ್ಲ. "ಸುಣ್ಣದ ಗೆರಿ ನೋಡಿ ಮನಿ ಅನಲೇನು? ನನಗ ರಾಯಚೂರ ಗಾಡಿ ಹತ್ತಸು," ಎಂದು ಬಂಡೆಯ ಮೇಲೆ ಕೂತರು. ರಾಯರ ಮುಖ ಸಪ್ಪಗಾಯಿತು. ಖಾಲಿ ಬುಟ್ಟಿ ಎತ್ತಿಕೊಂಡರು.

ಅಷ್ಟರಲ್ಲಿ ಹಾಲಿನವನ ಎಮ್ಮೆಯೊಂದು ಹೊಲದ ಕಡೆಯಿಂದ ಬಂತು. ಗೆರೆ ದಾಟಿ, ಅಡಿಗೆಮನೆಯ ನಟ್ಟನಡುವೆ ನಿಂತು ಬಾಲ ಎತ್ತಿತು.

ಅಂಬುಬಾಯಿ ದಡಕ್ಕನೆ ಎದ್ದರು. "ಅಯ್ಯಯ್ಯ! ನನ್ನ ಅಡಗಿ ಮನ್ಯಾಗ ಎಮ್ಮಿ!"

ಹಾಲಿನವನು ಓಡಿಬಂದು ಹಗ್ಗ ಹಿಡಿದು ಎಮ್ಮೆಯನ್ನು ಅಡ್ಡಕ್ಕೆ ಎಳೆದ.

"ಗೋಡಿ ಕಾಣಂಗಿಲ್ಲೇನೋ? ದರವಾಜೇ ಸೇ ಲೇ ಜಾ, ಬಾಗಲದಿಂದ ಹೊಡಕೊಂಡ ಹೋಗು!" ಎಂದರು ಅಂಬುಬಾಯಿ.

ಅವನು ಮನೆ ಎಲ್ಲಿದೆಯೆಂದು ಸುತ್ತಮುತ್ತ ನೋಡಿದ. "ಘರ್ ಕಿಧರ್ ಹೈ ಅಮ್ಮಾ?"

ರಾಯರು ಬಾಗಿಲಿನ ಕಡೆ ಬೆರಳು ತೋರಿಸಿದರು. ಮುದುಕಿಯ ಕಣ್ಣು ನೋಡಿ ಅವನು ವಾದ ಮಾಡಲಿಲ್ಲ. ಎಮ್ಮೆಯನ್ನು ತಿರುಗಿಸಿ, ವರಾಂಡ ಹಾಯಿಸಿ, ಬಾಗಿಲಿನಿಂದಲೇ ಹೊರಗೆ ಹೊಡೆದುಕೊಂಡು ಹೋದ.

"ಅವ್ವಾ," ಎಂದರು ರಾಯರು ಮೆಲ್ಲಗೆ, "ಯಾರ ಅಡಗಿ ಮನಿ ಅಂದಿ?"

"ನಂದು. ಮತ್ಯಾರದೋ? ಹೊಸ್ತಲಾ ಎತ್ತರ ಇಡಸು. ಇಲ್ಲಿ ದನದ ಕಾಟ ಭಾಳ."

ಮನೆ ಗೆರೆ ಎಳೆದ ಹಾಗೆಯೇ ಎದ್ದಿದೆ. ಆ ಕಡೆ ಹೋದರೆ ದಯವಿಟ್ಟು ಅವರನ್ನು ಕಂಡು ಬನ್ನಿ. ಬೆಳಗ್ಗೆ ಮಾತ್ರ ಬೇಡ, ಅಂಬುಬಾಯಿಗೆ ತೊಂದರೆ. ಸಂಜೆ ಹೋಗಿ. ಸುಭದ್ರಾಬಾಯಿ ಚಹಾ ಕೊಡುತ್ತಾರೆ. ರಾಯರು ಹೆಚ್ಚು ಮಾತಾಡುವುದಿಲ್ಲ, ಆದರೆ ಯಾರಾದರೂ ಬಂದರೆ ಅವರಿಗೆ ಬಹಳ ಖುಷಿ.